ನೀಲವ್ವನ ಜೋಡಿಕರುಳು

ಗದಗಿನ ಕರುಳು ಕೇಂದ್ರದಲ್ಲಿ ಜೋಡಿಗಳಿಗೆ ಉಣಿಸುವುದು ನನ್ನ ಕೆಲಸವಾಗಿತ್ತು. ಹನ್ನೊಂದು ವರ್ಷ ಮಾಡಿದೆ. ಹೆಸರು ಕಲ್ಮೇಶ ಮುಳಗುಂದ, ಹುದ್ದೆ ಹಿರಿಯ ತಂತ್ರಜ್ಞ. ಓಣಿಯವರ ಬಾಯಲ್ಲಿ ಮಾತ್ರ ನಾನು 'ಕರುಳು ಮೇಯಿಸುವವ'. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ನಾನೇ ಹಾಗೆ ಹೇಳಿಕೊಳ್ಳತೊಡಗಿದೆ. ಸುಳ್ಳೇನಲ್ಲವಲ್ಲ.

ಜೋಡಿ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಸಣ್ಣಕರುಳಿನ ಒಳಗೋಡೆಗೆ ಒಂದು ಪದರವಿದೆ, ಒಂದೇ ಒಂದು ಜೀವಕೋಶದಷ್ಟು ದಪ್ಪ. ನಾಲ್ಕೈದು ದಿನಕ್ಕೊಮ್ಮೆ ಅದು ಪೂರಾ ಹೊಸದಾಗುತ್ತದೆ. ಗೋಡೆಯ ತುಂಬ ಸಣ್ಣ ಸಣ್ಣ ಗುಂಡಿಗಳು. ಗುಂಡಿಯ ತಳದಲ್ಲಿ ತಾಯಿಕೋಶಗಳು ಕೂತು ಹಗಲಿರುಳು ಮರಿ ಹಾಕುತ್ತವೆ. ಮರಿಗಳು ಮೆಲ್ಲಗೆ ಮೇಲೆ ಸರಿದು, ನಾವು ಉಂಡದ್ದನ್ನು ಹೀರಿ ರಕ್ತಕ್ಕೆ ದಾಟಿಸಿ, ತುದಿ ಮುಟ್ಟಿದ ಮೇಲೆ ಉದುರಿಹೋಗುತ್ತವೆ. ಇಷ್ಟೊಂದು ದುಡಿಮೆಗೆ ಕೂಳು ಬೇಡವೇ? ಆ ಕೂಳೇ ಅಮೈನೋ ಆಮ್ಲಗಳು. ಬೇಳೆ, ಕಾಳು, ಹಾಲು, ಮೊಟ್ಟೆಗಳ ಪ್ರೋಟೀನು ಹೊಟ್ಟೆಯಲ್ಲಿ ಒಡೆದಾಗ ಸಿಗುವ ತುಣುಕುಗಳು. ಅವುಗಳಲ್ಲಿ ಗ್ಲುಟಮಿನ್ ಎಂಬುದು ಕರುಳಿಗೆ ಉರುವಲು. ಗೋಡೆಗೆ ಸವರುವ ಲೋಳೆ ಆಗುವುದಕ್ಕೆ ಥ್ರಿಯೊನಿನ್ ಬೇಕು. ಹೀಗೆ ಒಂದೊಂದಕ್ಕೆ ಒಂದೊಂದು ಕೆಲಸ. ಕರುಳು ಬಲು ಜಾಣ. ಮೈಗೆಲ್ಲ ಹಂಚುವ ಮೊದಲು ಇವುಗಳಲ್ಲಿ ತನ್ನ ಪಾಲು ತೆಗೆದುಕೊಂಡೇ ಬಿಡುತ್ತದೆ.

ಈ ಮಾತನ್ನು ನೀಲವ್ವನಿಗೆ ಹೇಳಿದಾಗ ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. "ಬಡಸಾಕಿ ಮೊದಲ ತಾನ ಉಂಡಂಗಾತಲ್ಲೋ ತಮ್ಮಾ! ನಾಚಿಕಿ ಇಲ್ಲದ ಕರುಳು!"

ಬಹಳ ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಕೆಲವರ ತಾಯಿಕೋಶಗಳನ್ನು ಸೋಮಾರಿ ಮಾಡಿಟ್ಟು ಹೋಯಿತು. ಹಳೆಯ ಪದರ ಉದುರುತ್ತದೆ, ಹೊಸದು ಹುಟ್ಟುವುದಿಲ್ಲ. ಏನು ಉಂಡರೂ ಮೈಗೆ ಹತ್ತುವುದಿಲ್ಲ. ಕೆಲವರಲ್ಲಿ ಅದು ಎಷ್ಟೋ ವರ್ಷ ತಡೆದು ಕಾಣಿಸಿಕೊಂಡಿತು. ಜನ ಅದನ್ನು ಸವಕಲು ಬೇನೆ ಎಂದು ಕರೆದರು. ಅಮೈನೋ ಆಮ್ಲಗಳನ್ನು ಸರಿಯಾದ ಅಳತೆಯಲ್ಲಿ ಬೆರೆಸಿ ನೇರವಾಗಿ ಕುಡಿಸಿದರೆ ತಾಯಿಕೋಶಗಳು ಮತ್ತೆ ಏಳುತ್ತವೆ ಎಂದು ಗೊತ್ತಾದದ್ದು ಆಮೇಲೆ. ಆದರೆ ಅಳತೆ ಒಬ್ಬೊಬ್ಬರಿಗೆ ಒಂದೊಂದು. ತಪ್ಪಿದರೆ ರಕ್ತದಲ್ಲಿ ಅಮೋನಿಯ ಏರಿ ತಲೆಗೆ ಹೋಗುತ್ತದೆ. ಮೊದಲ ವರ್ಷ ಹಾಗೆ ಇಬ್ಬರು ಹೋದರು.

ಅದಕ್ಕೇ ಜೋಡಿ. ರೋಗಿಯ ಕರುಳಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಗಾಜಿನ ತಟ್ಟೆಯಲ್ಲಿ ಬೆರಳಗಲದ ಪಟ್ಟಿಯಾಗಿ ಬೆಳೆಸುತ್ತೇವೆ. ರೋಗಿ ನಾಳೆ ಕುಡಿಯಬೇಕಾದದ್ದನ್ನು ಜೋಡಿಗೆ ಇವತ್ತೇ ಉಣಿಸುತ್ತೇವೆ. ಜೋಡಿ ಚೆನ್ನಾಗಿದ್ದರೆ ಪರದೆಯ ಮೇಲೆ ಹಸಿರು ದೀಪ, ಯಂತ್ರ ಅದೇ ಅಳತೆಯಲ್ಲಿ ಬಾಟಲಿ ತುಂಬುತ್ತದೆ. ನೋಡಲು ಬೆಳ್ಳಗೆ, ಮೂಗಿಗೆ ಸ್ವಲ್ಪ ನಾತ. ಜನ ಅದಕ್ಕೆ ಬಿಳಿ ಅಂಬಲಿ ಎಂದು ಹೆಸರಿಟ್ಟರು. ಹತ್ತು ಜನರಲ್ಲಿ ಮೂವರ ಚೂರು ತಟ್ಟೆಯಲ್ಲಿ ಬೆಳೆಯುತ್ತಲೇ ಇರಲಿಲ್ಲ. ಜೋಡಿ ಇಲ್ಲದವರಿಗೆ ಅಂಬಲಿ ಇಲ್ಲ. ಅದು ಕೇಂದ್ರದ ನಿಯಮ. ಅವರಿಗೆ ಪಥ್ಯದ ಚೀಟಿ ಕೊಡುತ್ತಿದ್ದೆವು, ತಿಂಗಳಿಗೊಮ್ಮೆ ರಕ್ತ ತೆಗೆಯುತ್ತಿದ್ದೆವು, ಸಮಾಧಾನ ಹೇಳಿ ಕಳಿಸುತ್ತಿದ್ದೆವು.

ನೀಲವ್ವನ ಜೋಡಿ ಮೊದಲ ಸಲಕ್ಕೇ ಹಿಡಿಯಿತು.

ನೀಲವ್ವ ಯಾರೆಂದು ಗದಗಿನ ಸ್ಟೇಷನ್ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ಕಾಲೇಜಿನ ಮೂರು ವರ್ಷ ನಾನು ಉಂಡದ್ದು ಅಲ್ಲೇ. ಬಿಸಿ ರೊಟ್ಟಿ, ಎಣಗಾಯಿ, ಹಕ್ಕರಕಿ ಸೊಪ್ಪು, ಶೇಂಗಾ ಚಟ್ನಿ. ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕುವಳು. ನಾನು ಒಂದು ಹೊತ್ತಿಗೆ ಎಷ್ಟು ರೊಟ್ಟಿ ತಿನ್ನುತ್ತಿದ್ದೆನೆಂದು ಆಕೆ ಯಾವತ್ತೂ ಎಣಿಸಲಿಲ್ಲ. ಒಮ್ಮೆ ಗೆಳೆಯನೊಬ್ಬ, "ಅಕ್ಕಾರ, ಈ ಕಲ್ಮ್ಯಾ ಎಂಟು ತಿಂದ ನೋಡ್ರಿ" ಎಂದು ಚಾಡಿ ಹೇಳಿದ್ದಕ್ಕೆ ಸೌಟು ಎತ್ತಿ ಅವನಿಗೆ ಬೈದಿದ್ದಳು. "ಉಂಬಾವ್ರ ತುತ್ತು ಎಣಸ್ತಾರೇನೋ? ಎದ್ದು ಕೈ ತೊಳಿ!"

ಅಂಥವಳು ಹೋದ ಶ್ರಾವಣದಲ್ಲಿ ಮಗಳು ಸುರೇಖಾಳ ಕೈ ಹಿಡಿದುಕೊಂಡು ಕೇಂದ್ರಕ್ಕೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಬಳೆ ಮೊಣಕೈವರೆಗೆ ಜಾರುತ್ತಿದ್ದವು. "ನನ್ನ ಗುರುತು ಸಿಗಲಿಲ್ಲೇನೋ ತಮ್ಮಾ?" ಎಂದು ಆಕೆಯೇ ನಕ್ಕಳು. ನನಗೆ ಅಳು ಬಂತು.

ಕರುಳು ಎಷ್ಟು ಉಳಿದಿದೆ ಎಂದು ತಿಳಿಯಲು ರಕ್ತದಲ್ಲಿ ಸಿಟ್ರುಲಿನ್ ಅಳೆಯುತ್ತೇವೆ. ಅದೂ ಒಂದು ಅಮೈನೋ ಆಮ್ಲವೇ. ರಕ್ತದಲ್ಲಿರುವ ಸಿಟ್ರುಲಿನ್ ಹೆಚ್ಚುಕಡಿಮೆ ಎಲ್ಲ ಕರುಳಿನ ಆ ಪದರವೇ ಮಾಡಿ ಕಳಿಸಿದ್ದು. ಪದರ ತೆಳುವಾದರೆ ಅಂಕಿ ಇಳಿಯುತ್ತದೆ. ಗಟ್ಟಿಮುಟ್ಟಾದವರಲ್ಲಿ ಮೂವತ್ತರ ಮೇಲಿರುತ್ತದೆ, ನೀಲವ್ವನದು ಒಂಬತ್ತು ಇತ್ತು. ಅಂಬಲಿ ಶುರುವಾದ ಮೇಲೆ ಹದಿನೈದಾಯಿತು, ಇಪ್ಪತ್ತಾಯಿತು, ಡಿಸೆಂಬರ್ ಹೊತ್ತಿಗೆ ಇಪ್ಪತ್ತಾರು. ಬಳೆಗಳು ಮುಂಗೈಗೆ ಬಂದು ನಿಂತವು. "ಯುಗಾದಿಗೆ ಖಾನಾವಳಿ ಬಾಗಲಾ ತಗೀತೀನಿ, ಮೊದಲನೇ ತಾಟು ನಿಂದ" ಎಂದಳು. ಎಂಟು ರೊಟ್ಟಿ ತಿನ್ನುವ ವಯಸ್ಸು ನನ್ನದಲ್ಲ ಎಂದೆ. "ಯಾರು ಎಣಸ್ತಾರ?" ಎಂದಳು.

ಕೇಂದ್ರದಿಂದ ಪ್ರತಿದಿನ ಮಧ್ಯಾಹ್ನ ಎರಡರ ಮೇಲೆ ಪ್ರತಿ ರೋಗಿಗೂ ಫೋನ್ ಮಾಡಬೇಕು. ಬಾಟಲಿಯಲ್ಲಿ ಎಷ್ಟು ಮಿಲಿಲೀಟರ್ ಉಳಿದಿದೆ ಎಂದು ಕೇಳಿ ಬರೆದುಕೊಳ್ಳಬೇಕು. ಸಂಶಯ ಬಂದರೆ ರೋಗಿ ಕುಡಿಯುವುದನ್ನು ಫೋನಿನ ಪರದೆಯಲ್ಲಿ ನೋಡಬೇಕು. ಜೋಡಿ ನಂಬಿಕೆಗೆ ಅರ್ಹವಾಗುವುದು ಜೋಡಿ ಉಂಡಷ್ಟನ್ನು ರೋಗಿಯೂ ಉಂಡಾಗ ಮಾತ್ರ. ಇದನ್ನು ಹೊಸಬರಿಗೆ ಪಾಠ ಮಾಡಿದವನೇ ನಾನು.

ಉಳಿದ ಅರವತ್ತು ಜನರಿಗೆ ಹಾಗೇ ಕೇಳುತ್ತಿದ್ದೆ. ನೀಲವ್ವನಿಗೆ ಮಾತ್ರ ಬಾಯಿ ಬರಲಿಲ್ಲ. ಆಕೆಯ ರೊಟ್ಟಿ ತಿಂದು ಬೆಳೆದವನು ಆಕೆಯ ಗುಟುಕು ಎಣಿಸಲೇ?

"ಅಕ್ಕಾರ, ಊಟ ಆತೇನ್ರಿ?" ಎಂದು ಕೇಳುತ್ತಿದ್ದೆ.

"ಆತಪ್ಪಾ. ನಿಂದಾತೇನು?"

"ಆತ್ರಿ."

ನಮ್ಮ ಕಡೆ ಈ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಉಪವಾಸವಿದ್ದವನೂ ಆತ್ರಿ ಎನ್ನುತ್ತಾನೆ, ಕೇಳಿದವನಿಗೂ ಅದು ಗೊತ್ತು. ನನ್ನ ಆತ್ರಿಯೂ ಎಷ್ಟೋ ದಿನ ಸುಳ್ಳೇ ಆಗಿರುತ್ತಿತ್ತು. ಆದರೂ ನಾನು ಫೋನ್ ಇಟ್ಟು, ಉಳಿದದ್ದು ಎಂಬ ಕಡೆ ಸೊನ್ನೆ ಬರೆಯುತ್ತಿದ್ದೆ.

ಫೆಬ್ರವರಿಯಲ್ಲಿ ನೀಲವ್ವನ ಅಂಕಿ ಹತ್ತೊಂಬತ್ತಕ್ಕೆ ಇಳಿಯಿತು. ರಕ್ತದ ಮಾದರಿ ಬಿಸಿಲಿಗೆ ಕೆಟ್ಟಿರಬೇಕು ಎಂದುಕೊಂಡೆ. ಮಾರ್ಚಿನಲ್ಲಿ ಹದಿಮೂರು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಅಲಕಾ ಜಂಬಗಿ ನನ್ನನ್ನು ಪರದೆಯ ಕೋಣೆಗೆ ಕರೆದರು.

"ಕಲ್ಮೇಶ, ಇವರು ಅಂಬಲಿ ಪೂರ್ತಿ ತಗೋತಿದಾರೇನ್ರಿ?"

"ದಿನಾ ಕೇಳ್ತೀನ್ರಿ ಮೇಡಂ. ಜೋಡಿ ನೋಡ್ರಿ, ಹೆಂಗ ಐತಿ!"

ಜೋಡಿ ನಿಜಕ್ಕೂ ನೋಡುವಂತಿತ್ತು. ಗುಂಡಿಯ ತಳದಿಂದ ಕೋಶಗಳು ಸಾಲು ತಪ್ಪದೆ ಮೇಲೇರುತ್ತಿದ್ದವು. ಎಲ್ಲೂ ಒಂದು ಬಿರುಕಿಲ್ಲ. ಹಸಿರು ದೀಪ ಒಂದು ದಿನವೂ ಆರಿರಲಿಲ್ಲ. ಮೇಡಂ ಮುಂದಿನ ರೋಗಿಯ ಹೆಸರಿಗೆ ಹೋದರು. ತಟ್ಟೆಯಲ್ಲಿದ್ದ ಬೆರಳಗಲದ ಪಟ್ಟಿಯನ್ನು ನಂಬಿ, ಊರಿನಲ್ಲಿದ್ದ ಇಡೀ ಹೆಂಗಸನ್ನು ನಾನು ಮರೆತೆ.

ಅದೇ ದಿನ ಜೋಡಿ ಇಲ್ಲದವರ ರಕ್ತದ ವರದಿಗಳೂ ಬಂದಿದ್ದವು. ಆ ಪಟ್ಟಿಯಲ್ಲಿ ಅಂಕಿ ಇಳಿಯುವುದೇ ಹೊರತು ಏರಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಈ ಸಲ ಒಂದು ಏರಿತ್ತು. ಬೆಟಗೇರಿಯ ಹುಸೇನಬಿ, ಜನವರಿಯಲ್ಲಿ ಹತ್ತು, ಫೆಬ್ರವರಿಯಲ್ಲಿ ರಕ್ತ ಕೊಡಲು ಬಂದಿರಲಿಲ್ಲ, ಈಗ ಹದಿನೆಂಟು. ಹುಸೇನಬಿ ನನಗೆ ಗೊತ್ತಿದ್ದವಳೇ. ನೀಲವ್ವನ ಖಾನಾವಳಿಗೆ ದಿನಾ ಬುಟ್ಟಿ ಹೊತ್ತು ಸೊಪ್ಪು ತಂದು ಹಾಕುತ್ತಿದ್ದವಳು.

ಕೈಯಲ್ಲಿದ್ದ ಚೀಟಿ ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದೆ.

ಮಧ್ಯಾಹ್ನ ಹನ್ನೆರಡರ ಹೊತ್ತು. ಖಾನಾವಳಿಯ ಮುಂದಿನ ಬಾಗಿಲು ಹಾಕಿತ್ತು, ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಹೋದೆ. ಸುರೇಖಾ ಅಂಚೆ ಕಚೇರಿಯ ಕೆಲಸಕ್ಕೆ ಹೋಗಿದ್ದಳು. ಅಡುಗೆಮನೆಯ ನೆಲದ ಮೇಲೆ ಇಬ್ಬರು ಹೆಂಗಸರು ಎದುರುಬದುರು ಕೂತಿದ್ದರು, ನಡುವೆ ಎರಡು ಸ್ಟೀಲ್ ಲೋಟ. ನೀಲವ್ವ ಬಾಟಲಿ ಬಗ್ಗಿಸಿ ಸುರಿಯುತ್ತಿದ್ದಳು. ಒಂದು ಲೋಟಕ್ಕೆ ಅರ್ಧ, ಇನ್ನೊಂದಕ್ಕೆ ಅರ್ಧ. ಮೂವತ್ತು ವರ್ಷ ಬಡಿಸಿದ ಕೈ, ಒಂದು ಹನಿ ಹೆಚ್ಚುಕಡಿಮೆಯಾಗಲಿಲ್ಲ.

"ಬಾ ತಮ್ಮಾ, ಊಟ ಆತೇನು?" ಎಂದಳು, ಏನೂ ಆಗಿಲ್ಲವೆಂಬಂತೆ.

ಹುಸೇನಬಿ ಸೆರಗು ಎಳೆದುಕೊಂಡು ನಕ್ಕಳು. "ನೀವು ದಿನಾ ಎರಡ ಎರಡ ಬಾಟಲಿ ಕೊಡ್ತೀರಂತಲ್ರೀ ಅಕ್ಕಾರಿಗೆ. ಒಂದು ದಂಡ ಆಗಬಾರ್ದು ಅಂತ ನನಗ ಕುಡಸ್ತಾರ್ರಿ. ದೇವರು ನಿಮ್ಮನ್ನ ಚಲೋ ಇಡ್ಲಿ."

ನಾನು ಬಾಯಿ ತೆರೆದೆ. ನೀಲವ್ವ ಆಕೆಯ ಬೆನ್ನ ಹಿಂದಿನಿಂದ ಕೈ ಆಡಿಸಿ ಬೇಡ ಎಂದಳು. ಬಾಯಿ ಮುಚ್ಚಿದೆ.

ಹುಸೇನಬಿ ಹೋದ ಮೇಲೆ ಆಕೆ ಕೂತಿದ್ದ ಜಾಗದಲ್ಲೇ ಕೂತೆ. "ಏನು ಮಾಡೀರಿ ಅಕ್ಕಾರ ಇದು?"

"ಸಂಕ್ರಮಣದ ದಿನ ಎಳ್ಳುಬೆಲ್ಲಾ ಕೊಡಾಕ ಬಂದಿದ್ಲೋ. ಹೊಸ್ತಿಲಾ ದಾಟೂ ಶಕ್ತಿ ಇರಲಿಲ್ಲ ಅಕಿಗೆ. ನನ್ನ ಕೈಯಾಗ ಬಾಟಲಿ. ಎದುರಿಗೆ ಹಸದಾವ್ರು ಕುಂತಾಗ ನನ್ನ ಗಂಟಲದಾಗ ಹೆಂಗ ಇಳೀಬೇಕು ಹೇಳು."

"ನನಗ ಒಂದ ಮಾತು ಹೇಳ್ಬಾರದಿತ್ತೇನ್ರಿ?"

"ಹೇಳಿದ್ರ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ನಿಯಮ ಹೇಳುತ್ತಿದ್ದೆ.

"ಹಂಚಿ ಉಂಡ್ರ ಹಸಿವಿಲ್ಲ ಅಂತಾರ ತಮ್ಮಾ. ಒಂದ ರೊಟ್ಟಿ ಇಬ್ರು ತಿಂದು ಎಷ್ಟೋ ದಿನಾ ತಗದೇವಿ. ಇದೂ ನಡೀತೈತಿ ಬಿಡು."

ನಡೆಯುವುದಿಲ್ಲ ಎಂದು ಹೇಗೆ ತಿಳಿಸಿ ಹೇಳಲಿ? ಹುಸೇನಬಿಯ ಬೇನೆ ಇನ್ನೂ ಎಳೆಯದು, ಆಕೆಯ ತಾಯಿಕೋಶಗಳು ಅರ್ಧ ಪಾಲಿಗೇ ಎದ್ದು ಕೂತಿದ್ದವು. ನೀಲವ್ವನದು ಹಳೆಯ ಬೇನೆ. ಅರ್ಧ ಕೂಳಿನಲ್ಲಿ ಅವು ಸ್ವಲ್ಪ ದಿನ ಎಳೆದಾಡಿ ಒಂದೊಂದಾಗಿ ಸತ್ತಿದ್ದವು. ತಾಯಿಕೋಶ ಸತ್ತ ಗುಂಡಿಗೆ ಆಮೇಲೆ ಎಷ್ಟು ಸುರಿದರೂ ಅಷ್ಟೇ.

ಅವತ್ತಿನಿಂದ ಪೂರ್ತಿ ಬಾಟಲಿ ಕುಡಿಸಿದೆ, ಎದುರಿಗೆ ಕೂತು, ಗುಟುಕು ಎಣಿಸಿ. ಹುಸೇನಬಿಗೆ ಕೇಂದ್ರದವರು ಎರಡನೇ ಬಾಟಲಿ ನಿಲ್ಲಿಸಿದ್ದಾರೆ ಎಂದು ನೀಲವ್ವನೇ ಸುಳ್ಳು ಹೇಳಿದಳು. ಯುಗಾದಿ ಬಂತು, ಖಾನಾವಳಿಯ ಬಾಗಿಲು ತೆರೆಯಲಿಲ್ಲ. ಅಂಕಿ ಹತ್ತಾಯಿತು, ಏಳಾಯಿತು, ಆಮೇಲೆ ನಾಲ್ಕು. ಕೊನೆಯ ವಾರ ಆಕೆಗೆ ನೀರೂ ದಕ್ಕುತ್ತಿರಲಿಲ್ಲ. ಏಪ್ರಿಲ್ ಎರಡನೇ ವಾರ ಒಂದು ಬೆಳಿಗ್ಗೆ ಸುರೇಖಾ ತಾಯಿಯ ತಲೆ ಬಾಚುತ್ತಿದ್ದಾಗಲೇ ನೀಲವ್ವ ಹೋದಳು.

ನೀಲವ್ವನ ಶಿವಗಣಾರಾಧನೆಯ ಊಟ ಮುಗಿಯುವ ಹೊತ್ತಿಗೆ ಹುಸೇನಬಿ ಮತ್ತೆ ಹಾಸಿಗೆ ಹಿಡಿದ ಸುದ್ದಿ ಬಂತು. ಅಂಕಿ ಹನ್ನೊಂದು.

ಆಕೆಯನ್ನು ಉಳಿಸುವ ದಾರಿ ಒಂದೇ ಇತ್ತು. ಜೋಡಿ ಇಲ್ಲದವಳೊಬ್ಬಳು ಬೇರೆಯವರ ಅಂಬಲಿಯನ್ನು ಎರಡು ತಿಂಗಳು ಕುಡಿದು ಚೇತರಿಸಿಕೊಂಡಿದ್ದಾಳೆ, ಅಮೋನಿಯ ಏರಿಲ್ಲ, ತಲೆ ಕೆಟ್ಟಿಲ್ಲ. ಇದನ್ನು ತಜ್ಞರ ಸಮಿತಿಯ ಮುಂದೆ ಇಟ್ಟರೆ ನಿಯಮ ಸಡಿಲವಾಗಬಹುದು. ಇಡಬೇಕಾದರೆ ನೀಲವ್ವನ ದಾಖಲೆ ತೆರೆಯಬೇಕು. ಅದರಲ್ಲಿ ಎರಡು ತಿಂಗಳು ನಾನು ಬರೆದ ಸೊನ್ನೆಗಳು ಸಾಲಾಗಿ ಕೂತಿದ್ದವು. ತೆರೆಯಲು ಮಗಳ ಸಹಿ ಬೇಕು.

ಸುರೇಖಾ ನನ್ನನ್ನು ಮಾಮಾ ಎಂದು ಕರೆಯುತ್ತಿದ್ದಳು. ತಾಯಿ ಬೇನೆಯಿಂದ ಸತ್ತಳು, ಕೇಂದ್ರದವರು ಕೈಲಾದದ್ದೆಲ್ಲ ಮಾಡಿದರು ಎಂದೇ ತಿಳಿದಿದ್ದಳು. ಹೋಗಿ ಎಲ್ಲ ಹೇಳಿದೆ. ಹೇಳಿ ಮುಗಿಸುವ ತನಕ ಆಕೆ ನನ್ನ ಮುಖ ನೋಡಲಿಲ್ಲ.

"ಖಾಲಿ ಬಾಟಲಿ ದಿನಾ ಸಂಜೀಕೆ ನಾನ ತೊಳೀತಿದ್ದೆ" ಎಂದಳು ಕೊನೆಗೆ. "ಪೂರ್ತಿ ಕುಡದಾಳ ಅಂತ ಖುಷಿ ಆಗ್ತಿತ್ತು." ಸಹಿಯ ಕಾಗದ ಹತ್ತಿರ ಎಳೆದುಕೊಂಡು, "ನೀವು ದಿನಾ ಫೋನ್ ಮಾಡ್ತಿದ್ರಲ್ಲ ಮಾಮಾ, ಏನ್ ಕೇಳ್ತಿದ್ರಿ?"

"ಊಟ ಆತೇನ್ರಿ ಅಂತ."

"ಅಷ್ಟ?"

"ಅಷ್ಟ."

ಸಹಿ ಮಾಡಿ ಕಾಗದ ನನ್ನ ಕಡೆ ತಳ್ಳಿದಳು. "ಇನ್ನ ಮ್ಯಾಲ ನಮ್ಮನಿಗೆ ಬರಬ್ಯಾಡ್ರಿ."

ಸಮಿತಿ ಎಂಟು ದಿನದಲ್ಲಿ ಒಪ್ಪಿತು. ಹುಸೇನಬಿ ಮತ್ತು ಇನ್ನೂ ಹನ್ನೊಂದು ಜನರಿಗೆ ಪ್ರಯೋಗಕ್ಕೆಂದು ಅಂಬಲಿ. ಹೋಲಿಸಿ ನೋಡಲು ಬೇಕೆಂದು ನೀಲವ್ವನ ಜೋಡಿಯನ್ನು ಹಾಗೇ ಉಣಿಸುತ್ತ ಇರಿ ಎಂದರು. ಫೋನಿನ ಕೆಲಸ ನನ್ನಿಂದ ಕಿತ್ತುಕೊಂಡರು, ಹೊಸಬರು ಬರುವ ತನಕ ಜೋಡಿಗಳನ್ನು ನೋಡಿಕೊಳ್ಳಲು ಇಟ್ಟುಕೊಂಡರು. ಜಂಬಗಿ ಮೇಡಂ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಬಾಟಲಿ ತೆಗೆದುಕೊಂಡು ಬೆಟಗೇರಿಗೆ ನಾನೇ ಹೋದೆ. ಒಪ್ಪಿಗೆಯ ಕಾಗದ ಓದಿ ಹೇಳಬೇಕಲ್ಲ, ಓದಿದೆ. ಹುಸೇನಬಿ ಮಲಗಿದ್ದಲ್ಲೇ ಕೇಳಿಸಿಕೊಂಡಳು. ಎರಡು ಬಾಟಲಿ ಎಂಬುದು ಯಾವತ್ತೂ ಇರಲಿಲ್ಲ ಎಂದು ಆಕೆಗೆ ಗೊತ್ತಾದದ್ದು ಆಗ.

"ಅಕ್ಕಾರ ಪಾಲು ನಾ ಉಂಡೆ" ಎಂದಳು. ಗೋಡೆಯ ಕಡೆ ಹೊರಳಿದವಳು ಆಮೇಲೆ ಎಷ್ಟು ಕರೆದರೂ ತಿರುಗಲಿಲ್ಲ. ಎರಡು ದಿನ ಬಾಟಲಿ ತಲೆದಿಂಬಿನ ಹತ್ತಿರ ಇಟ್ಟಲ್ಲೇ ಇತ್ತು.

ಮೂರನೆಯ ದಿನ ಮಾನ ಬಿಟ್ಟು ಅಂಚೆ ಕಚೇರಿಗೆ ಹೋದೆ. ಸುರೇಖಾ ಕೌಂಟರಿನ ಆಚೆ ರಿಜಿಸ್ಟರ್ ಕಾಗದಗಳಿಗೆ ಮುದ್ರೆ ಹಾಕುತ್ತಿದ್ದಳು. ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ ಹೇಳಿದೆ, ಹುಸೇನಬಿ ಕುಡಿಯುತ್ತಿಲ್ಲ ಎಂದು. "ಹಿಂದಿನಾವ್ರಿಗೆ ದಾರಿ ಬಿಡ್ರಿ" ಎಂದಳು. ಬಿಟ್ಟೆ.

ಸಂಜೆ ಐದೂವರೆಗೆ ಹುಸೇನಬಿಯ ಮನೆಯಲ್ಲಿ ನಾನು ಬಾಟಲಿ ಹಿಡಿದು ಕೂತಿದ್ದಾಗ ಬಾಗಿಲಲ್ಲಿ ಸುರೇಖಾ ಬಂದು ನಿಂತಳು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡಳು. ತಾನೇ ಲೋಟ ಹುಡುಕಿ, ತೊಳೆದು, ಸುರಿದು, ಹಾಸಿಗೆಯ ಅಂಚಿಗೆ ಕೂತಳು.

"ಏಳ್ರಿ."

ಹುಸೇನಬಿ ಆಕೆಯ ದನಿ ಕೇಳಿ ತಿರುಗಿದಳು. "ನನಗ ಗೊತ್ತಿರಲಿಲ್ಲವ್ವಾ. ಗೊತ್ತಿದ್ರ ಮುಟ್ತಿರಲಿಲ್ಲ. ಖುದಾನ ಆಣೆ."

"ಗೊತ್ತೈತಿ. ಅದಕ್ಕ ಅವ್ವ ನಿಮಗ ಹೇಳಲಿಲ್ಲ. ಏಳ್ರಿ."

"ನನ್ನ ಗಂಟಲದಾಗ ಇಳಿಯಂಗಿಲ್ಲವ್ವಾ."

"ಇಳೀಲಿಲ್ಲಂದ್ರ ಹೆಂಗ?" ಸುರೇಖಾಳ ದನಿ ಏರಿತು. "ನನಗ ನಿಮ್ಮ ಮ್ಯಾಲೆ ಸಿಟ್ಟೈತಿ. ಸುಳ್ಳು ಹೇಳಂಗಿಲ್ಲ. ನಮ್ಮವ್ವನ ಮ್ಯಾಲೂ ಐತಿ. ಮಗಳು ಅದಾಳ ಅಂತ ಒಂದು ದಿನರ ಅಕಿಗೆ ನೆನಪಾತೇನು? ಆದ್ರ ನೀವೂ ಹ್ವಾದ್ರ, ನಮ್ಮವ್ವ ಯಾತಕ್ಕ ಸತ್ಲು ಅಂತ ನಾ ಯಾರನ್ನ ಕೇಳ್ಲಿ? ಕುಡೀರಿ."

ಹುಸೇನಬಿ ಎದ್ದು ಕೂತಳು. ಅಳುತ್ತಲೇ ಕುಡಿದಳು. ಲೋಟ ಖಾಲಿಯಾಗುವ ತನಕ ಸುರೇಖಾ ಆಕೆಯ ಬೆನ್ನಿಗೆ ಕೈ ಕೊಟ್ಟು ಹಿಡಿದಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ, ಇಬ್ಬರಿಗೂ ಬೇಡವಾದವನು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಸುರೇಖಾ ನನ್ನ ಕಡೆ ನೋಡದೆ ಕೇಳಿದಳು. "ಪೂರ್ತಿ ಕುಡದಿದ್ರ ಅವ್ವ ಉಳೀತಿದ್ಲೇನ್ರಿ?"

ಸುಳ್ಳು ಹೇಳಬಹುದಿತ್ತು. ಒಬ್ಬೊಬ್ಬರ ಮೈ ಒಂದೊಂದು ಥರ, ಆಯುಷ್ಯ ಯಾರ ಕೈಯಲ್ಲಿದೆ, ಇಂಥವು ಬೇಕಾದಷ್ಟಿವೆ. ಬೇರೆ ಯಾವ ಸಾವಿನಲ್ಲೂ ಈ ಪ್ರಶ್ನೆಗೆ ಖಚಿತ ಉತ್ತರ ಇರುವುದಿಲ್ಲ, ಜನ ಅದೇ ಪುಣ್ಯದಿಂದ ಬದುಕುತ್ತಾರೆ. ಈ ಸಾವಿಗೆ ಉತ್ತರವಿತ್ತು. ಶ್ರಾವಣದಿಂದ ಒಂದು ದಿನವೂ ತಪ್ಪದೆ ಪೂರ್ತಿ ಪಾಲು ಉಂಡ ನೀಲವ್ವನ ಕರುಳಿಗೆ ಅವತ್ತು ಬೆಳಿಗ್ಗೆ ನನ್ನ ಕೈಯಾರೆ ಉಣಿಸಿ ಬಂದಿದ್ದೆ.

"ಉಳೀತಿದ್ರವ್ವಾ" ಎಂದೆ. "ಜೋಡಿ ಇನ್ನೂ ಜೀವಂತ ಐತಿ."

ಆಕೆ ಈಗ ನನ್ನ ಕಡೆ ನೋಡಿದಳು. "ನನಗ ತೋರಸ್ರಿ" ಎಂದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಂದಳು. ಜಂಬಗಿ ಮೇಡಂ ಬೇಡವೆನ್ನಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ತಟ್ಟೆ ಇಟ್ಟು, ಉಣಿಸುವ ನಳಿಕೆ ತೆರೆದೆ. ಬಿಳಿ ಅಂಬಲಿ ಇಳಿಯಿತು. ಸುರೇಖಾ ಕಣ್ಣಿಟ್ಟಳು. ಹೇಗೆ ನೋಡಬೇಕೆಂದು ಹೇಳಿಕೊಟ್ಟೆ. ತಳದಲ್ಲಿ ಇರುವವು ತಾಯಿಕೋಶಗಳು, ಮೇಲೆ ಬರುತ್ತಿರುವವು ಹೊಸವು, ಪದರ ಇದು ಐವತ್ತನಾಲ್ಕನೇ ಸಲ ಹೊಸದಾಗುತ್ತಿದೆ ಎಂದೆ. ಆಕೆ ಹತ್ತು ನಿಮಿಷ ಕಣ್ಣು ತೆಗೆಯಲಿಲ್ಲ.

"ನಮ್ಮವ್ವ ಹಿಂಗ ಹೊಟ್ಟಿ ತುಂಬ ಉಂಡದ್ದನ್ನ ನಾ ಒಂದ ದಿನಾನೂ ನೋಡಿಲ್ಲ ಮಾಮಾ" ಎಂದಳು.

ಮುಖ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು.